ಯಾವ ಯೂನಿಟ್ಟು?

ನಮ್ಮ ಎದುರು ಮನೆಯ ಹವಾಲ್ದಾರರು ಶಿಕಾರಿಪುರ ಬಿಟ್ಟು ಸೊರಬದ ಮಗಳ ಮನೆಗೆ ಹೋಗಿ ಇವತ್ತಿಗೆ ಹದಿನೈದು ದಿನ. ಇನ್ನು ಮುಂದೆ ನಾನು ಯಾವ ಬಟ್ಟೆ ಹಾಕಿಕೊಂಡು ಬೇಕಾದರೂ ಗೇಟು ದಾಟಬಹುದು, ಕೇಳುವವರಿಲ್ಲ. ಇಂಥ ಸ್ವಾತಂತ್ರ್ಯ ಸಿಕ್ಕಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ, ಅದೇ ಎರಡು ಬೂದು ಷರಟುಗಳನ್ನು ತಿರುವಿ ಮುರುವಿ ಹಾಕಿಕೊಂಡು ತಾಲ್ಲೂಕು ಆಫೀಸಿಗೆ ಹೋಗಿ ಬರುತ್ತಿದ್ದೇನೆ. ಗೇಟಿನ ಹತ್ತಿರ ಬಂದಾಗ ಮಾತ್ರ ಕಾಲರ್ ಸರಿಮಾಡಿಕೊಳ್ಳುತ್ತೇನೆ. ಅಭ್ಯಾಸ.

ಹವಾಲ್ದಾರರು ಯುದ್ಧ ಮಾಡಿದವರಲ್ಲ. ಯಾರಾದರೂ ಕೈಮುಗಿದು ‘ವೀರಯೋಧರು’ ಎಂದು ಶುರು ಮಾಡಿದರೆ, “ನಾನು ಸ್ಟೋರಿನವನು ಮಾರಾಯ್ರೆ, ಕೋಟು ಕೊಡೋನು” ಎಂದು ತಾವೇ ತಡೆಯುತ್ತಿದ್ದರು. ಹಿಮದ ಬೆಟ್ಟಗಳಿಗೆ ಹತ್ತುವ ದಾರಿಯ ಬುಡದಲ್ಲಿ ಒಂದು ಉಗ್ರಾಣವಂತೆ. ಮೇಲಿನ ಠಾಣೆಗಳಿಗೆ ಹೋಗುವವರಿಗೆ ದಪ್ಪ ಕೋಟು, ಬೂಟು, ಕೈಗವಸು ಕೊಡುವುದು, ಇಳಿದು ಬಂದವರಿಂದ ಎಲ್ಲವನ್ನೂ ವಾಪಸ್ ಪಡೆದು ಒಣಗಿಸಿ ಮಡಿಸಿಡುವುದು ಇವರ ಕೆಲಸ. ನೌಕರಿಯ ಬಹುಪಾಲು ಅಲ್ಲೇ ಕಳೆಯಿತು. ಬೆಟ್ಟದ ಮೇಲೆ ಒಮ್ಮೆಯೂ ಹೋಗಲಿಲ್ಲ. ಹುಟ್ಟೂರು ಗುಡವಿ ಕಡೆಯ ಒಂದು ಹಳ್ಳಿ. ನಿವೃತ್ತರಾದ ಮೇಲೆ ಹೆಂಡತಿಯ ತವರು ಎಂದು ನಮ್ಮ ಬೀದಿಗೆ ಬಂದರು. ಹೆಂಡತಿ ತೀರಿಕೊಂಡ ಮೇಲೂ ಇಲ್ಲೇ ಉಳಿದರು.

ಅವರ ಪ್ರಸಿದ್ಧಿ ಇದ್ದದ್ದು ಒಂದು ಪ್ರಶ್ನೆಯಲ್ಲಿ. ಪೇಟೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಯಾರಾದರೂ ಮಿಲಿಟರಿ ಡಿಸೈನಿನ ಪ್ಯಾಂಟು, ಟೋಪಿ, ಜಾಕೆಟ್ಟು ಹಾಕಿದ್ದು ಕಂಡರೆ ನೇರ ಎದುರಿಗೆ ಹೋಗಿ ನಿಲ್ಲುತ್ತಿದ್ದರು. ಬೈಗುಳವಿಲ್ಲ, ಭಾಷಣವಿಲ್ಲ. ನೆಂಟರನ್ನು ವಿಚಾರಿಸುವ ದನಿಯಲ್ಲಿ, “ಯಾವ ಯೂನಿಟ್ಟು?”

ಅಷ್ಟೇ. ಎದುರಿನವನು ಮೊದಲು ನಗುತ್ತಿದ್ದ, ಆಮೇಲೆ ತನ್ನ ಪ್ಯಾಂಟನ್ನು ತಾನೇ ನೋಡಿಕೊಳ್ಳುತ್ತಿದ್ದ. ಮೆಕ್ಕೆಜೋಳದ ಲಾರಿಯ ಡ್ರೈವರೊಬ್ಬ ಈ ಪ್ರಶ್ನೆ ಕೇಳಿಸಿಕೊಂಡ ದಿನದಿಂದ ನಮ್ಮ ಬೀದಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದನೆಂದು ಕೇಳಿದ್ದೇನೆ.

ಸೋಲದವರು ಮೂಲೆಮನೆಯ ಟೀಚರ್ ಒಬ್ಬರೇ. ಚಳಿಗಾಲದಲ್ಲಿ ತಮ್ಮ ಪುಟ್ಟ ಬಿಳಿ ನಾಯಿಗೆ ಅವರು ಮಿಲಿಟರಿ ಡಿಸೈನಿನ ಅಂಗಿ ತೊಡಿಸಿದ್ದರು. ಹವಾಲ್ದಾರರು ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ನಾಯಿಯನ್ನೇ ಕೇಳಿದರು: “ಯಾವ ಯೂನಿಟ್ಟು?”

ನಾಯಿ ಬಾಲ ಅಲ್ಲಾಡಿಸಿತು. ಟೀಚರ್ ಅಲ್ಲಾಡಲಿಲ್ಲ. “ನಮ್ಮನೆ ಯೂನಿಟ್ಟು ರೀ. ಗೇಟು ಕಾಯೋ ಡ್ಯೂಟಿ ಅದ್ರದ್ದೇ. ನೀವೇನು, ಅದ್ರ ಮೇಲಿನ ಸಾಹೇಬ್ರಾ?”

ಹವಾಲ್ದಾರರು ಸ್ವಲ್ಪ ಯೋಚಿಸಿದರು. “ಡ್ಯೂಟಿ ಮೇಲಿದ್ರೆ ಹಾಕ್ಬಹುದು” ಎಂದು ಎದ್ದು ಹೋದರು.

ಅವರು ಕುರುಡು ನಿಯಮದವರು ಎಂದು ಯಾರೂ ಭಾವಿಸಬಾರದು. ನಾನು ಸೊರಬಕ್ಕೆ ವರ್ಗವಾಗಿದ್ದಾಗ ಒಂದು ಭಾನುವಾರ ಅವರ ಜೊತೆ ಗುಡವಿ ಕೆರೆಗೆ ಹೋಗಿದ್ದೆ. ಹಕ್ಕಿಗಳ ಫೋಟೋ ತೆಗೆಯುವವರು ನಾಲ್ವರು, ತಲೆಯಿಂದ ಕಾಲಿನವರೆಗೆ ಮಿಲಿಟರಿ ಡಿಸೈನು, ಕೈಯಲ್ಲಿ ಫಿರಂಗಿಯಂಥ ಕ್ಯಾಮೆರಾ. ಇವತ್ತು ಕೆರೆ ಏರಿಯ ಮೇಲೆ ಕೋರ್ಟ್ ಮಾರ್ಷಲ್ ಆಗುತ್ತದೆ ಎಂದು ನಾನು ನಾಲ್ಕು ಹೆಜ್ಜೆ ಹಿಂದೆಯೇ ಉಳಿದೆ. ಪ್ರಶ್ನೆ ಬಿತ್ತು. ಒಬ್ಬಾತ ಪಿಸುದನಿಯಲ್ಲಿ, “ಹಕ್ಕಿಗೆ ಕಾಣಬಾರದು ಅಂತ ಹಾಕಿದ್ದು ಸರ್” ಎಂದ. ಹವಾಲ್ದಾರರು ತಲೆದೂಗಿ ವಾಪಸ್ ಬಂದರು.

“ಬಿಟ್ಬಿಟ್ರಲ್ಲ?” ಎಂದೆ.

“ಹಕ್ಕಿಗೆ ಮೋಸ ಮಾಡೋಕೆ ಹಾಕಿದ್ರೆ ತಪ್ಪಿಲ್ಲ. ಮನುಷ್ಯಂಗೆ ಮೋಸ ಮಾಡೋಕೆ ಹಾಕಿದ್ರೆ ತಪ್ಪು. ಕಾನೂನು ಇಷ್ಟೇ ಮಾರಾಯ್ರೆ. ನೀವು ಆಫೀಸಿನೋರು ಅದನ್ನ ನಾಲ್ಕು ಪುಟ ಮಾಡ್ತೀರಿ.”

ತಮ್ಮ ವಿಷಯದಲ್ಲಿ ಮಾತ್ರ ಅವರು ಇಷ್ಟು ಸಡಿಲ ಇರಲಿಲ್ಲ. ಆಗಸ್ಟ್ ಹದಿನೈದಕ್ಕೆ ತಾಲ್ಲೂಕು ಮೈದಾನಕ್ಕೆ ಬರುವಂತೆ ಅವರನ್ನು ಕರೆಯಲು ಆಫೀಸಿನವರು ನನ್ನನ್ನೇ ಕಳಿಸಿದ್ದರು. “ಸಮವಸ್ತ್ರದಲ್ಲಿ ಬಂದರೆ ಚೆನ್ನಾಗಿರ್ತದೆ” ಎಂದು ಆಫೀಸಿನ ಪರವಾಗಿ ವಿನಂತಿಸಿಕೊಂಡೆ. “ಅದನ್ನ ಹಾಕೋ ದಿನ ಮುಗೀತು. ಈಗ ಹೊಟ್ಟೆ ಎಷ್ಟು ಬಂದಿದೆ ನೋಡಿ. ಈ ಹೊಟ್ಟೆಗೆ ಸರ್ಕಾರ ಜವಾಬ್ದಾರಿ ಅಲ್ಲ” ಎಂದರು. ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ಬಂದು ಕೊನೆಯ ಸಾಲಿನಲ್ಲಿ ಕೂತರು. ಪದಕಗಳೆಲ್ಲಿ ಎಂದರೆ ಜೇಬು ತಟ್ಟಿ ತೋರಿಸಿದರು. ಒಳಗೆ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದರು.

ಇನ್ನೊಂದು ಅಭ್ಯಾಸವಿತ್ತು. ಯಾರೇ ಹೊಸ ಬಟ್ಟೆ ಹಾಕಿ ನೋಡುತ್ತಿದ್ದರೂ ಅವರ ಬಾಯಿಂದ ಮೂರು ಅಪ್ಪಣೆ ಹೊರಡುತ್ತಿತ್ತು. ಕೈ ಮೇಲೆತ್ತು. ಬಗ್ಗು. ಕೂತ್ಕೋ. ನನ್ನ ಮಗಳ ಕಾಲೇಜು ಯೂನಿಫಾರಂ ಹೊಲಿಸಲು ಟೈಲರ್ ಅಂಗಡಿಗೆ ಹೋದಾಗ ಅವರೂ ಅಲ್ಲಿದ್ದರು. ಅಳತೆಗೆ ಹಾಕಿದ ಕೂಡಲೇ, “ಕೈ ಮೇಲೆತ್ತು ಮಗಾ. ಬಗ್ಗು. ಕೂತ್ಕೋ.” ಆಮೇಲೆ ಟೈಲರ್ ಕಡೆ ತಿರುಗಿ, “ತೋಳು ಒಂದು ಬೆರಳು ಇಳಿಸಪ್ಪ. ಅಗ್ಲಾ!” ‘ಅಗ್ಲಾ’ ಎಂದರೆ ಹಿಂದಿಯಲ್ಲಿ ಮುಂದಿನವನು ಬರಲಿ ಎಂದು. ಉಗ್ರಾಣದ ಬಾಗಿಲಲ್ಲಿ ಸಾಲು ನಿಂತವರಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡ ಮಾತು. ಟೈಲರ್ ಅಂಗಡಿಯಲ್ಲಿ ಮುಂದಿನವನು ನಾನೇ ಇದ್ದೆ. ನಾನೂ ಕೈ ಎತ್ತಿ, ಬಗ್ಗಿ, ಕೂತೆ. ನಾನು ಅಂಗಡಿಗೆ ಬಂದದ್ದು ಹಣ ಕೊಡಲು ಎಂದು ಹೇಳುವ ಧೈರ್ಯ ಬರಲಿಲ್ಲ.

ಈಗ ಕೋಟಿನ ವಿಷಯಕ್ಕೆ ಬರುತ್ತೇನೆ.

ನನ್ನ ಅಕ್ಕನ ಮಗ ವೀರೇಶ ಸೈನ್ಯದಲ್ಲಿದ್ದಾನೆ. ಹಿಮದ ಠಾಣೆಯೊಂದರಿಂದ ರಜೆಗೆ ಬಂದಾಗ, ಅಲ್ಲಿ ಕೊಟ್ಟ ಬಿಳಿಯ ದಪ್ಪ ಕೋಟನ್ನು ಹಾಕಿಕೊಂಡೇ ಬಂದಿದ್ದ. ಆಗ ನಾನು ದಿನಾ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬೈಕಿನಲ್ಲಿ ಹೋಗುತ್ತಿದ್ದೆ. ನನ್ನ ಎದೆ, ನನ್ನ ಕೆಮ್ಮು, ನ್ಯುಮೋನಿಯಾ ಆಗಬಹುದಾದ ಸಾಧ್ಯತೆ ಇವುಗಳ ಬಗ್ಗೆ ಊಟದ ಹೊತ್ತಿನಲ್ಲಿ ವಿವರಿಸಿದೆ. ಹುಡುಗನಿಗೆ ಸಾಕಾಯಿತು. “ಮಾಮ, ಇದನ್ನ ನೀನೇ ಇಟ್ಕೊ. ನಾನು ಇನ್ನೊಂದು ಇಸ್ಕೊಂತೀನಿ” ಎಂದು ಕೋಟು ಬಿಟ್ಟು ಹೋದ.

ನಮ್ಮ ಕಡೆಯ ಚಳಿಗೆ ಆ ಕೋಟು ಸೊಳ್ಳೆಗೆ ಸುತ್ತಿಗೆ ಎತ್ತಿದ ಹಾಗೆ. ಸೊರಬ ಮುಟ್ಟುವಷ್ಟರಲ್ಲಿ ಒಳಗೆ ಬೆವರಿನ ಹೊಳೆ. ಆದರೂ ಬಿಡಲಿಲ್ಲ. ಹೊರಗಿನಿಂದ ಯಾವ ರೋಗವೂ ಒಳಗೆ ಬರುವಂತಿರಲಿಲ್ಲ.

ಮೂರನೆಯ ದಿನ ಗೇಟಿನಲ್ಲಿ ಹವಾಲ್ದಾರರು. “ಯಾವ ಯೂನಿಟ್ಟು?”

“ತಾಲ್ಲೂಕು ಆಫೀಸು” ಎಂದು ಹಲ್ಲು ಬಿಟ್ಟೆ.

ಅವರು ನಗಲಿಲ್ಲ. ಹತ್ತಿರ ಬಂದು ನನ್ನ ಕುತ್ತಿಗೆಯ ಹಿಂದೆ ಕೈಹಾಕಿ ಕಾಲರ್ ತಿರುಗಿಸಿ ಒಳಗಿನ ಮುದ್ರೆ ಓದಿದರು. ಜಾನುವಾರು ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ, ಅವಸರವಿಲ್ಲದೆ.

“ಇದು ಅಂಗಡಿ ಮಾಲಲ್ಲ. ಹಿಮದ ಮೇಲೆ ಡ್ಯೂಟಿ ಇದ್ದೋನಿಗೆ ಅಂತ ಕೊಟ್ಟಿದ್ದು. ಇಳಿದ ಮೇಲೆ ಜಮಾ ಮಾಡ್ಬೇಕು. ಮಧ್ಯದಲ್ಲಿ ಅವ್ನ ಅಪ್ಪನೂ ಹಾಕ್ಕೊಳ್ಳೋ ಹಾಗಿಲ್ಲ, ಸೋದರಮಾವ ಇನ್ನೆಲ್ಲಿ? ಹುಡುಗಂಗೆ ವಾಪಸ್ ಕಳ್ಸಿ.”

ಪಹಣಿ ನೋಡಿ ನೋಡಿ ಕಣ್ಣು ಸವೆಸಿಕೊಂಡವನು ನಾನು. ಕೂಡಲೇ ಅರ್ಥವಾಯಿತು. ಒಂಬತ್ತನೇ ಕಾಲಂನಲ್ಲಿ ಮಾಲೀಕರು ಸರ್ಕಾರ. ಹನ್ನೆರಡರಲ್ಲಿ ಸಾಗುವಳಿ ಮಾಡುವವನು ವೀರೇಶ. ನನ್ನ ಹೆಸರಿಗೆ ಕಾಲಮ್ಮೇ ಇಲ್ಲ. ಇಂಥವರನ್ನು ನಾವು ಆಫೀಸಿನಲ್ಲಿ ಒತ್ತುವರಿದಾರರು ಎನ್ನುತ್ತೇವೆ.

ಬುದ್ಧಿ ನೆಟ್ಟಗಿರುವವನು ಅವತ್ತೇ ಪಾರ್ಸಲ್ ಮಾಡುತ್ತಿದ್ದ. ನನ್ನ ಹೆಂಡತಿ ಅದನ್ನೇ ಹೇಳಿದಳು: “ಸುಮ್ನೆ ಕಟ್ಟಿ ಕಳ್ಸ್ರಿ ಅತ್ಲಾಗೆ.” ಆದರೆ ಪಾರ್ಸಲ್ಲಿನ ಮೇಲೆ ಕಳಿಸಿದವರ ವಿಳಾಸ ಬರೆಯಬೇಕು. ಒಳಗೇನಿದೆ ಎಂದು ಕೇಳುತ್ತಾರೆ. ಅಂದರೆ ಆ ಕೋಟು ನನ್ನ ಬಳಿ ಇತ್ತು ಎಂಬುದಕ್ಕೆ ನನ್ನ ಕೈಯಾರೆ ದಾಖಲೆ ಸೃಷ್ಟಿಯಾಗುತ್ತದೆ. ಈ ಯೋಚನೆಯಲ್ಲಿ ಮೂರು ದಿನ ಕಳೆದು, ನಾಲ್ಕನೇ ದಿನ ನನ್ನ ತಲೆಗೆ ಪರಿಹಾರ ಹೊಳೆಯಿತು. ಬಿಳಿಯ ಕೋಟಾದರೆ ತಾನೇ ಸೈನ್ಯದ್ದು? ಕಪ್ಪಾದರೆ ಯಾರ ಕೋಟಾದರೂ ಆಗಬಹುದು.

ಪೇಟೆಯಲ್ಲಿ ಬಟ್ಟೆಗೆ ಬಣ್ಣ ಹಾಕುವವನ ಹತ್ತಿರ ಕೊಟ್ಟೆ. “ಈ ಬಟ್ಟೆ ಬಣ್ಣ ಹಿಡಿಯಲ್ಲ ಸ್ವಾಮಿ” ಎಂದ. “ಹಾಕಪ್ಪ, ಹಿಡೀತದೆ” ಎಂದೆ. ಹಿಡಿಯಿತು. ಆದರೆ ಕಪ್ಪನ್ನಲ್ಲ. ಎರಡು ದಿನದ ಮೇಲೆ ನನ್ನ ಕೈಗೆ ಬಂದದ್ದು ಬದನೆಕಾಯಿ ಬಣ್ಣದ ಕೋಟು. ಬೆನ್ನಿನ ಮೇಲೆ ಅಲ್ಲಲ್ಲಿ ಬೆಳ್ಳಗೆ ಪಟ್ಟೆ ಬೇರೆ. ಬದನೆಯಲ್ಲೂ ನಾಟಿ ತಳಿ. ಕಾಲರಿನ ಒಳಗೆ ಮುದ್ರೆ ಮಾತ್ರ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

ಅದೇ ವಾರ ವೀರೇಶನ ಫೋನು. “ಮಾಮ, ಆ ಕೋಟು ಕಳ್ಸು ಮಾರಾಯ. ನಮ್ಮ ಯೂನಿಟ್ಟು ಕೆಳಗೆ ಇಳೀತಿದೆ. ಎಲ್ಲ ಜಮಾ ಮಾಡಿ ಚೀಟಿ ತಗೋಬೇಕು. ನಾಯಕ್ ದರ್ಜೆಗೆ ಬಡ್ತಿ ಕೊಡೋಕೆ ನನ್ನ ಹೆಸರು ಹೋಗಿದೆ. ಈಗ ಒಂದು ಸಾಮಾನು ಕಮ್ಮಿ ಬಂದ್ರೂ ವಿಚಾರಣೆ ಅಂತಾರೆ. ಬಡ್ತಿ ಅಲ್ಲೇ ನಿಲ್ತದೆ.”

“ಕಳಿಸ್ತೀನಪ್ಪ” ಎಂದೆ. ತಂದೆಯಿಲ್ಲದ ಹುಡುಗ. ಅಕ್ಕ ಅವನ ಬಡ್ತಿಗೆಂದು ಸೋಮವಾರ ಒಪ್ಪೊತ್ತು ಮಾಡುತ್ತಿದ್ದಳು. ಅವಳ ಉಪವಾಸಕ್ಕೆ ನಾನು ಬದನೆಕಾಯಿ ಬಣ್ಣ ಬಳಿದಿದ್ದೆ.

ಕೋಟನ್ನು ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ಎದುರು ಮನೆಗೆ ಹೋದೆ. ಹವಾಲ್ದಾರರು ಚೀಲದಿಂದ ತೆಗೆದು ಮಂಚದ ಮೇಲೆ ಹಾಸಿದರು. ತೋಳುಗಳನ್ನು ನೇರ ಮಾಡಿದರು. ಗುಂಡಿಗಳನ್ನು ಒಂದೊಂದಾಗಿ ಹಾಕಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಯಾಕೆ ಬಣ್ಣ ಹಾಕ್ಸಿದ್ರಿ?”

“ನಿಮ್ಗೆ ಹೆದ್ರಿ.”

“ನನಗ್ಯಾಕ್ರೀ ಹೆದರ್ತೀರಿ? ನಾನು ಸ್ಟೋರಿನವನು.” ಕೋಟಿನ ತೋಳಿನ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡೇ ಕೂತಿದ್ದರು. ಆಮೇಲೆ, ಕೇಳದೆಯೇ, ಒಂದು ವಿಷಯ ಹೇಳಿದರು. ಒಂದು ಸಲ ಸಾಲಿನಲ್ಲಿ ಬಂದ ಎತ್ತರದ ಹುಡುಗನೊಬ್ಬನಿಗೆ ಸರಿಯಾದ ಅಳತೆಯ ಕೋಟು ಇರಲಿಲ್ಲ. ಇದ್ದದ್ದರಲ್ಲಿ ದೊಡ್ಡದು ಕೊಟ್ಟರು. ನಿಂತಾಗ ಸರಿ ಕಂಡಿತು. ಹಿಂದೆ ಉದ್ದ ಸಾಲು. ಕೈ ಎತ್ತಿಸಿ ನೋಡಲಿಲ್ಲ. “ಅಗ್ಲಾ ಅಂದ್ಬಿಟ್ಟೆ.” ಮೇಲೆ ಹೋದ ಮೇಲೆ ಹುಡುಗ ಕೈ ಎತ್ತಿದಾಗೆಲ್ಲ ತೋಳಿಗೂ ಗವಸಿಗೂ ನಡುವೆ ಎರಡು ಬೆರಳಗಲ ಮೈ ಕಾಣುತ್ತಿತ್ತು. ಹಿಮಕ್ಕೆ ಅಷ್ಟು ಸಾಕು. “ಕೈ ಉಳೀತು. ಎರಡು ಬೆರಳು ಹೋದ್ವು. ವಾಪಸ್ ಕೊಡೋಕೆ ಅವ್ನೇ ಬಂದ. ಕೋಟು ನೀಟಾಗಿ ಮಡಚ್ಕೊಂಡು ಬಂದಿದ್ದ ಮಾರಾಯ್ರೆ.”

ಹಿಡಿದಿದ್ದ ತೋಳಿನ ತುದಿಯನ್ನು ಮತ್ತೆ ಮಂಚದ ಮೇಲೆ ನೇರ ಮಾಡಿದರು.

“ಅವತ್ತಿಂದ ನಾನು ಅಂಥ ಕೋಟು ಒಂದು ಸಲವೂ ಮೈಮೇಲೆ ಹಾಕಿ ನೋಡಿಲ್ಲ. ಸ್ಟೋರಲ್ಲಿ ಚಳಿಗೆ ಎಲ್ಲರೂ ಒಂದೊಂದು ಎಳ್ಕೊಳ್ಳೋರು. ನನ್ಗೆ ಸ್ಟೋರಿನ ಸ್ವೆಟರ್ ಸಾಕಿತ್ತು.”

ಆಮೇಲೆ ದನಿ ಬದಲಾಯಿತು. “ಪೆನ್ನು ತೆಗೀರಿ.”

ಇಷ್ಟು ವರ್ಷ ಆಫೀಸಿನಲ್ಲಿ ಟಿಪ್ಪಣಿ ಬರೆದ ನನಗೆ ಆ ಮಧ್ಯಾಹ್ನ ವೀರೇಶನ ಸಾಹೇಬರಿಗೆ ಒಂದು ಕಾಗದ ಬರೆಯಲು ಆರು ಹಾಳೆ ಬೇಕಾಯಿತು. ‘ಸದರಿ ಕೋಟಿಗೆ ಆಕಸ್ಮಿಕವಾಗಿ ಬಣ್ಣ ತಗುಲಿರುತ್ತದೆ’ ಎಂದು ಬರೆದಿದ್ದೆ. ಅವರು ಕನ್ನಡಕ ಕೆಳಗಿಳಿಸಿ ನೋಡಿದರು. “ತಗುಲಿರ್ತದೆ ಅಂದ್ರೆ ಎಂತದು? ಗಾಳೀಲಿ ಬಂದು ಅಂಟ್ಕೊಂಡಿತಾ? ‘ನಾನು ಹಾಕಿಸಿದೆ’ ಅಂತ ಬರೀರಿ.” ಬರೆದೆ. ಆ ಎರಡು ಪದಗಳನ್ನು ನಾನು ಸರ್ಕಾರಿ ಸೇವೆಯಲ್ಲಿ ಬಳಸಿದ್ದು ಅದೇ ಮೊದಲು.

ವೀರೇಶನಿಗೆ ಅವರೇ ಫೋನು ಮಾಡಿದರು. ಮೊದಲು ಹಿಂದಿಯಲ್ಲಿ ಉಗ್ರಾಣದ ದನಿಯಲ್ಲಿ ಗದರಿದರು. ಆಮೇಲೆ ಕನ್ನಡಕ್ಕೆ ಇಳಿದರು. “ನೋಡು ಮಗಾ, ಕೋಟು ಬರೋಕ್ ಮುಂಚೆನೇ ಹೋಗಿ ಹೇಳು. ಮಾಮಂಗೆ ಕೊಟ್ಟಿದ್ದೆ, ಮಾಮ ಬಣ್ಣ ಹಾಕ್ಸಿದಾನೆ ಅಂತ ಇದ್ದದ್ದು ಇದ್ದಂಗೆ ಹೇಳು. ಅವ್ರು ಕೇಳೋಕ್ ಮುಂಚೆ ಹೇಳಿದ್ರೆ ಅದು ಬರೀ ತಪ್ಪು. ಕೇಳಿದ್ಮೇಲೆ ಹೇಳಿದ್ರೆ ಕಳ್ಳತನ.” ಹುಡುಗ ಒಂದೇ ಮಾತು ಕೇಳಿದ. “ಯಾವ ಬಣ್ಣ?”

ಪಾರ್ಸಲ್ ಹೋಯಿತು, ಕಾಗದದ ಸಮೇತ. ಕಳಿಸಿದವರ ವಿಳಾಸ ದಪ್ಪ ಅಕ್ಷರದಲ್ಲಿ. ಮುಂದಿನ ಮೂರು ವಾರ ನಾನು ನೌಕರಿ ಕಳೆದುಕೊಂಡೆ, ಜೈಲಿಗೆ ಹೋದೆ, ಜಾಮೀನಿಗೆ ನಿಂತವರು ಹಿಂದೆ ಸರಿದರು, ಅಕ್ಕ ಮಾತು ಬಿಟ್ಟಳು. ಎಲ್ಲ ತಲೆಯೊಳಗೆ. ಪೋಸ್ಟ್‌ಮನ್ ಸೈಕಲ್ ನಮ್ಮ ಬೀದಿಗೆ ತಿರುಗಿದರೆ ನಾನು ಹಿತ್ತಲಿಗೆ ಹೋಗುತ್ತಿದ್ದೆ.

ಬಂದದ್ದು ಪೋಸ್ಟಲ್ಲ, ಫೋನು. ವೀರೇಶ ನಗುತ್ತಿದ್ದ, ನಗು ನಿಲ್ಲಿಸಲಾರದೆ ಮಾತು ತುಂಡಾಗುತ್ತಿತ್ತು. ಸಾಹೇಬರ ಮುಂದೆ ನಿಂತು ಬೈಸಿಕೊಂಡಿದ್ದನಂತೆ. ಒಂದು ವಾರ ಹೆಚ್ಚುವರಿ ಡ್ಯೂಟಿ ಶಿಕ್ಷೆ. ಕೋಟು ಬಂದಾಗ ಅದನ್ನು ನೋಡಲು ಅಡುಗೆಮನೆಯವರೂ ಬಂದಿದ್ದರಂತೆ. ಆದರೆ ಉಗ್ರಾಣದವರು ಕಾಲರ್ ತಿರುಗಿಸಿ ಮುದ್ರೆಯ ತಾರೀಖು ಓದಿದರೆ, ಆ ಕೋಟಿನ ಆಯುಷ್ಯ ಹೋದ ವರ್ಷವೇ ಮುಗಿದಿತ್ತಂತೆ. ಹೇಗಿದ್ದರೂ ಹರಿದು ಚಿಂದಿಗೆ ಹಾಕಬೇಕಾದ ಮಾಲು. ಮೊದಲೇ ಬಂದು ಹೇಳಿದ್ದರಿಂದ ವಿಚಾರಣೆಯಿಲ್ಲ, ಬಡ್ತಿಗೆ ತೊಂದರೆಯಿಲ್ಲ.

ಫೋನು ಇಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎದೆಯ ಮೇಲೆ ಕೂತಿದ್ದ ಎಮ್ಮೆ ಎದ್ದು ಹೋದ ಹಾಗಾಯಿತು. ಎದ್ದು ಹೋದ ಮೇಲೆ ಎಮ್ಮೆ ಇಷ್ಟು ದೊಡ್ಡದಿತ್ತೇ ಎನ್ನಿಸಿತು. ಆಮೇಲೆ ಒಂದು ಅನುಮಾನ ಬಂದು, ಚಪ್ಪಲಿ ಹಾಕದೆಯೇ ಎದುರು ಮನೆಗೆ ಓಡಿದೆ.

“ನಿಮ್ಗೆ ಮೊದ್ಲೇ ಗೊತ್ತಿತ್ತಾ?”

“ಮುದ್ರೆ ಓದೋಕೆ ಬರಲ್ವಾ ನಂಗೆ? ಅವತ್ತು ಗೇಟಲ್ಲೇ ಓದಿದ್ನಲ್ಲ.”

“ಹೇಳ್ಬಾರ್ದಿತ್ತಾ ಹವಾಲ್ದಾರ್ರೆ! ನಾನು ಮೂರು ವಾರ ಅನ್ನ ಬಿಟ್ಟಿದ್ದೆ!”

“ಹೇಳಿದ್ರೆ ಆ ಕಾಗದ ಬರೀತಿದ್ರಾ?”

ನನ್ನ ಹಿಂದೆಯೇ ಚಪ್ಪಲಿ ಹಿಡಿದುಕೊಂಡು ಬಂದಿದ್ದ ಹೆಂಡತಿ, “ಅನ್ನ ಏನ್ ಬಿಟ್ಟಿರ್ಲಿಲ್ಲ ಬಿಡ್ರಿ. ಎರಡ್ನೇ ಸಲ ಬಡಿಸ್ಕೊಳ್ಳೋದು ಬಿಟ್ಟಿದ್ರು, ಅಷ್ಟೇ” ಎಂದಳು.

ಈ ಬಾರಿ ವೀರೇಶ ನಾಯಕ್ ಆಗಿ ರಜೆಗೆ ಬಂದಾಗ ಆ ಕೋಟನ್ನೂ ತಂದ. ಮುದ್ರೆ ಇದ್ದ ಜಾಗವನ್ನು ಚೌಕವಾಗಿ ಕತ್ತರಿಸಿ ತೆಗೆದಿದ್ದರು. ಚಿಂದಿ ಮಾಲು, ಕೊಂಡೊಯ್ಯಲು ಅಡ್ಡಿಯಿಲ್ಲ ಎಂದು ಸಹಿ ಮಾಡಿದ ಚೀಟಿಯೂ ಇತ್ತು. ಹವಾಲ್ದಾರರ ಮನೆಯಲ್ಲಿ ಆಗ ಸಾಮಾನು ಕಟ್ಟುತ್ತಿದ್ದರು. ಸೊರಬದ ಮಗಳು ಮೊಮ್ಮಗುವನ್ನು ನೋಡಿಕೊಳ್ಳಲು ಅಪ್ಪನೇ ಬೇಕು ಎಂದು ಹಟ ಹಿಡಿದು ಗೆದ್ದಿದ್ದಳು. ಅವರು ಹೊರಡುವ ದಿನ ನಾನು ಕೋಟು ತೆಗೆದುಕೊಂಡು ಹೋದೆ.

“ಇದು ನಿಮ್ಗೆ.”

“ಚೀಟಿ?”

ಕೊಟ್ಟೆ. ಎರಡು ಸಲ ಓದಿದರು. ಸಹಿಯನ್ನು ಬೆಳಕಿಗೆ ಹಿಡಿದರು. ಕಾಲರಿನ ತೂತಿನಲ್ಲಿ ಬೆರಳು ತೂರಿಸಿ ನೋಡಿದರು.

“ಹಾಗಾದ್ರೆ ಈಗ ಇದು ಬರೀ ಬಟ್ಟೆ.”

“ಬರೀ ಬಟ್ಟೆ.”

ಹವಾಲ್ದಾರರು ಬಲಗೈಯನ್ನು ತೋಳಿನೊಳಗೆ ಹಾಕಿದರು, ನಿಧಾನವಾಗಿ, ಒಳಗೆ ಯಾರೋ ಇದ್ದಾರೆ ಎಂಬಂತೆ. ಆಮೇಲೆ ಎಡಗೈ. ಗುಂಡಿ ಹಾಕಲು ಬೆರಳು ತಡವರಿಸಿತು. ಸಾವಿರಾರು ಜನರಿಗೆ ಹಾಕಿಸಿದವರು, ತಮ್ಮ ಎದೆಯ ಮೇಲೆ ಯಾವ ಕಡೆಯಿಂದ ಹಾಕಬೇಕೆಂದು ತಿಳಿಯದೆ ನನ್ನ ಮುಖ ನೋಡಿದರು. ನಾನೇ ಹಾಕಿದೆ.

“ಕೈ ಮೇಲೆತ್ತಿ” ಎಂದೆ.

ಎತ್ತಿದರು. ತೋಳು ಮಣಿಕಟ್ಟನ್ನು ಬಿಡಲಿಲ್ಲ. ಅವರೂ ಅದನ್ನೇ ನೋಡುತ್ತಿದ್ದರು.

“ಬಗ್ಗಿ.” ಬಗ್ಗಿದರು. “ಕೂತ್ಕೊಳ್ಳಿ.” ಕಟ್ಟಿಟ್ಟ ಪೆಟ್ಟಿಗೆಯ ಮೇಲೆ ಕೂತರು. ‘ಅಗ್ಲಾ’ ಎನ್ನುವುದೊಂದು ಬಾಕಿ ಇತ್ತು. ನಾನು ಹೇಳಲಿಲ್ಲ. ಎಷ್ಟು ಹೊತ್ತು ಬೇಕಾದರೂ ಕೂರಲಿ ಎಂದುಕೊಂಡೆ.

ಹೊರಗೆ ಬೇಸಿಗೆಯ ಬಿಸಿಲು. ಟಾರು ಮೆತ್ತಗಾಗಿತ್ತು. ಹಾಗೆಯೇ ಎದ್ದು, ಕೋಟು ಬಿಚ್ಚದೆ, ಹಣೆಯಿಂದ ಬೆವರು ಇಳಿಯುತ್ತಿದ್ದರೂ ನೆಟ್ಟಗೆ ನಡೆದು ಹೋಗಿ ಸಾಮಾನಿನ ಗಾಡಿಯ ಮುಂದಿನ ಸೀಟು ಹತ್ತಿದರು. ಬೀಳ್ಕೊಡಲು ನಾಯಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದ ಟೀಚರ್ ಬದನೆಕಾಯಿ ಬಣ್ಣವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಎಷ್ಟು ವರ್ಷದಿಂದ ಕಾದಿದ್ದರೋ, ಕಿಟಕಿಯ ಹತ್ತಿರ ಹೋಗಿ ಕೇಳಿಯೇಬಿಟ್ಟರು.

“ಏನ್ ಹವಾಲ್ದಾರ್ರೆ, ಯಾವ ಯೂನಿಟ್ಟು?”

ಗಾಡಿ ಹೊರಟಿತ್ತು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಇಡೀ ಬೀದಿಗೆ ಕೇಳುವಂತೆ ಕೂಗಿದರು.

“ಸ್ವಂತದ್ದು, ಟೀಚರೇ!”